ಕಿತ್ತಳೆ ಮುಚ್ಚಳದ ಸಿರಿಂಜು

ಸಕ್ಕರೆ ಕಾಯಿಲೆಯ ಹಿರಿಯ ಮಹಿಳೆಯೊಬ್ಬರು ದೇವದುರ್ಗ ತಾಲ್ಲೂಕಿನ ತಮ್ಮ ಹಳ್ಳಿಯಿಂದ ಮೂರು ಬಾರಿ ರಾಯಚೂರಿಗೆ ಬಂದು ನನಗೆ ತೋರಿಸಿಕೊಂಡು ಹೋಗಿದ್ದರು. ಮೂರು ಬಾರಿಯೂ ಸಕ್ಕರೆ ಹತೋಟಿಯಲ್ಲಿರಲಿಲ್ಲ, ಮೂರು ಬಾರಿಯೂ ನಾನು ಇನ್ಸುಲಿನ್ ಏರಿಸಿದೆ. ಬೆಳಗಿನ ಪ್ರಮಾಣ 16 ಯೂನಿಟ್‌ನಿಂದ 20ಕ್ಕೆ, ಆಮೇಲೆ 24ಕ್ಕೆ, ಕೊನೆಗೆ 30ಕ್ಕೆ ಹೋಯಿತು. ನಾಲ್ಕನೆಯ ಸಲ ಕಾಲಿಗೆ ಗಾಯವಾಗಿ ಬಸ್ ಹತ್ತಲಾಗದೆ ಅವರು ಮನೆಯಲ್ಲೇ ಉಳಿದಾಗ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಟ್ಯಾಬ್ ಹಿಡಿದುಕೊಂಡು ಅವರ ಮನೆಗೇ ಹೋಗಿ ವಿಡಿಯೊ ಕರೆ ಮಾಡಿದರು. ‘ಯವ್ವಾ, ಸೂಜಿ ಹೆಂಗ ಮಾಡ್ಕೋತೀರಿ, ನನ್ನ ಮುಂದ ಒಮ್ಮೆ ಮಾಡಿ ತೋರಿಸ್ರಿ’ ಎಂದೆ. ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಅವರು ಇನ್ಸುಲಿನ್ ಸೀಸೆಯನ್ನೂ ಸಿರಿಂಜನ್ನೂ ಹೊರತೆಗೆದರು. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದಾಗಿತ್ತು.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಹೊಂದುವ ಸಿರಿಂಜಿಗೆ ಕೆಂಪು ಮುಚ್ಚಳವಿರುತ್ತದೆ. ಕಿತ್ತಳೆ ಮುಚ್ಚಳದ್ದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗಾಗಿ ಗೆರೆ ಹಾಕಿದ ಸಿರಿಂಜು. 40ರ ಸೀಸೆಯಿಂದ ಈ ಸಿರಿಂಜಿನಲ್ಲಿ 30ರ ಗೆರೆಯವರೆಗೆ ಎಳೆದುಕೊಂಡರೆ ಮೈಗೆ ಸೇರುವುದು 12 ಯೂನಿಟ್ ಮಾತ್ರ. ‘ಅಂಗಡ್ಯಾಗ ಮೊದಲಿಂದು ಇರಲಿಲ್ರಿ, ಎರಡೂ ಒಂದs ಅಂದ್ರು’ ಎಂದು ಆಕೆ ಹೇಳಿದರು. ನಾನು ಪ್ರಮಾಣ ಏರಿಸುತ್ತಲೇ ಹೋದೆನೇ ಹೊರತು, ಸಿರಿಂಜು ತರಿಸಿ ನೋಡುವ ಬುದ್ಧಿ ನನಗೆ ಒಮ್ಮೆಯೂ ಬಂದಿರಲಿಲ್ಲ. ಅಂದೇ ಕೆಂಪು ಮುಚ್ಚಳದ ಸಿರಿಂಜು ಕೊಡಿಸಿ ಸುಮ್ಮನಾಗಿದ್ದರೆ ಇನ್ನೂ ದೊಡ್ಡ ಅನಾಹುತವಾಗುತ್ತಿತ್ತು. ಚೀಟಿಯಲ್ಲಿದ್ದ 30 ಯೂನಿಟ್ ನಿಜವಾಗಿಯೂ ಒಳಗೆ ಹೋಗಿ ಸಕ್ಕರೆ ಕುಸಿದು ಅವರು ಪ್ರಜ್ಞೆ ತಪ್ಪಬಹುದಿತ್ತು. ಆದ್ದರಿಂದ ಹಳೆಯ ಚೀಟಿಯನ್ನು ರದ್ದುಮಾಡಿ, 14 ಯೂನಿಟ್‌ನಿಂದ ಹೊಸದಾಗಿ ಆರಂಭಿಸಿದೆವು.

ದೂರದಿಂದ ಕೊಡುವ ಚಿಕಿತ್ಸೆಯನ್ನು ದವಾಖಾನೆಗೆ ಬರಲಾಗದವರಿಗೆ ಸಿಗುವ ಅರ್ಧಂಬರ್ಧ ಸೌಲಭ್ಯವೆಂದು ಭಾವಿಸಿದ್ದವರಲ್ಲಿ ನಾನೂ ಒಬ್ಬ. ನನ್ನ ಮೇಜಿನ ಮುಂದೆ ಕಾಣದೇ ಉಳಿದದ್ದು ಅವರ ಮನೆಯ ಗೂಟದ ಬಳಿ ಕಂಡಿತೆಂಬುದು ಆ ಭಾವನೆಯನ್ನು ಸ್ವಲ್ಪ ಅಲುಗಾಡಿಸಿತು. ಅದೇ ಕರೆಯಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಚೀಲ ತೂಗುಹಾಕಿದ್ದು ತಗಡಿನ ಮಾಡಿನ ಕೆಳಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅಂಥ ಜಾಗದಲ್ಲಿಟ್ಟ ಇನ್ಸುಲಿನ್ ಸತ್ವ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ, ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಗಡಿಗೆಯೊಳಗೆ ನೀರು ತಾಗದಂತೆ ಸೀಸೆಯನ್ನು ಇಟ್ಟುಕೊಳ್ಳಬಹುದು.

ಈ ವ್ಯವಸ್ಥೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ಹೃದ್ರೋಗ ತಜ್ಞರೊಂದಿಗೆ ಬೆಸೆದುಕೊಂಡದ್ದು 2002ರಲ್ಲಿ. ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಇ-ಸಂಜೀವಿನಿ 2019ರ ನವೆಂಬರ್‌ನಲ್ಲಿ ಉಪಕೇಂದ್ರಗಳಿಂದ ವೈದ್ಯರಿಗೆ ಕರೆ ಮಾಡುವ ಏರ್ಪಾಡಾಗಿ ಆರಂಭವಾಯಿತು. ಕೊರೊನಾ ಲಾಕ್‌ಡೌನಿನ ನಡುವೆ, 2020ರ ಏಪ್ರಿಲ್‌ನಲ್ಲಿ, ರೋಗಿಗಳು ಮನೆಯಿಂದಲೇ ನೇರವಾಗಿ ವೈದ್ಯರನ್ನು ಕಾಣುವ ಅವಕಾಶವೂ ಅದಕ್ಕೆ ಸೇರಿತು. ಇವೆರಡರಲ್ಲಿ ನನ್ನ ಒಲವು ಮೊದಲನೆಯದರ ಕಡೆಗೆ. ರೋಗಿಯ ಪಕ್ಕದಲ್ಲಿ ತರಬೇತಿ ಪಡೆದ ಒಂದು ಜೀವ ಇದ್ದಾಗ ನಡೆಯುವ ಸಮಾಲೋಚನೆಗೂ ಇಲ್ಲದಾಗ ನಡೆಯುವುದಕ್ಕೂ ಇರುವ ಅಂತರವು, ಫೋನಿಗೂ ವಿಡಿಯೊಗೂ ಇರುವ ಅಂತರಕ್ಕಿಂತ ದೊಡ್ಡದು.

ರಕ್ತದೊತ್ತಡವನ್ನೇ ನೋಡಿ. ಆ ಕಡೆಯಿಂದ ‘ಬಿಪಿ 170/100 ಅದ ಸರ್’ ಎಂಬ ಮಾತು ಬಂದೊಡನೆ ಗುಳಿಗೆ ಬರೆಯುವುದು ಸುಲಭ. ರೋಗಿ ಈಗಷ್ಟೇ ಬಿಸಿಲಲ್ಲಿ ನಡೆದು ಬಂದಿರಬಹುದು, ಬಾಯಲ್ಲಿ ತಂಬಾಕು ಇರಬಹುದು, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿರಬಹುದು, ಕೈ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದಿರಬಹುದು, ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದಿರಬಹುದು; ಇವುಗಳಲ್ಲಿ ಯಾವುದೊಂದು ಸಾಲದೇ ಅಂಕಿ ಏರಿಸಲು? ಐದು ನಿಮಿಷ ಕೂರಿಸಿ, ಪಾದಗಳನ್ನು ನೆಲಕ್ಕೆ ಊರಿಸಿ, ಬರಿ ತೋಳನ್ನು ಎದೆಯ ಮಟ್ಟಕ್ಕೆ ಆನಿಸಿ, ಮಾತಾಡಿಸದೆ ಎರಡು ಬಾರಿ ನೋಡಿ ಹೇಳುವ ಅಧಿಕಾರಿ ಆ ತುದಿಯಲ್ಲಿದ್ದರೆ ಮಾತ್ರ ಈ ತುದಿಯಲ್ಲಿ ನಾನು ಬರೆಯುವ ಗುಳಿಗೆಗೆ ಅರ್ಥವಿದೆ. ದಿನಕ್ಕೆ ಎಷ್ಟು ಕರೆಗಳಾದವು ಎಂಬ ಲೆಕ್ಕವನ್ನಷ್ಟೇ ಕೇಳುವ ಕಡೆ ಆಕೆಗೆ ಆ ಐದು ನಿಮಿಷ ಸಿಗುವುದಿಲ್ಲ, ಕರೆಗಳು ಮಾತ್ರ ಸರಾಗವಾಗಿ ಮುಗಿಯುತ್ತವೆ. ಯಂತ್ರದ ಬ್ಯಾಟರಿಗೂ ಸಕ್ಕರೆ ನೋಡುವ ಪಟ್ಟಿಗೂ ತನ್ನ ಕೈಯಿಂದಲೇ ದುಡ್ಡು ಹಾಕಿದ ಅಧಿಕಾರಿಗಳನ್ನು ನಾನು ಬಲ್ಲೆ.

ಹೀಗೆ ಅಳತೆ ಸರಿಯಿದ್ದಲ್ಲಿ, ಬಿಪಿ, ಶುಗರ್, ಥೈರಾಯ್ಡ್, ಮೂರ್ಛೆರೋಗದಂಥ ಗೊತ್ತಿರುವ ಕಾಯಿಲೆಗಳ ಮರುಭೇಟಿಗೆ ದೂರದ ಸಮಾಲೋಚನೆಯಷ್ಟು ಹೊಂದುವಂಥದ್ದು ಇನ್ನೊಂದಿಲ್ಲ. ದೇವದುರ್ಗ ಕಡೆಯಿಂದ ರಾಯಚೂರಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಹತ್ತಿ ಬಿಡಿಸುವ ಕಾಲದಲ್ಲಿ, ಭತ್ತದ ನಾಟಿಯ ಕಾಲದಲ್ಲಿ ಬಿಪಿಯ ರೋಗಿ ದವಾಖಾನೆಗೆ ಬರುವುದೇ ಇಲ್ಲ. ಗುಳೆ ಹೋಗುವವರ ಕಥೆ ಇನ್ನೂ ಬೇರೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಕುಟುಂಬ ಊರಿನ ಉಪಕೇಂದ್ರದ ಗುಳಿಗೆಯನ್ನು ಒಂದು ತಿಂಗಳಿಗೆ ಒಯ್ದು, ಆರು ತಿಂಗಳು ಅಲ್ಲಿಯೇ ಇರುತ್ತದೆ. ಮೊದಲೆಲ್ಲ ಅವರು ಮರಳಿ ಬರುವ ಹೊತ್ತಿಗೆ ಕಾಯಿಲೆಯನ್ನು ಮತ್ತೆ ಮೊದಲಿನಿಂದ ನೋಡಬೇಕಿತ್ತು. ಈಗ ಕೆಲವರಾದರೂ ಅಲ್ಲಿಂದಲೇ ಕರೆ ಮಾಡುತ್ತಾರೆ, ಚೀಟಿ ಅವರ ಫೋನಿಗೆ ಹೋಗುತ್ತದೆ. ಮನೋರೋಗದ ವಿಷಯದಲ್ಲೂ, ಯಾರ ಕಣ್ಣಿಗೂ ಬೀಳದೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ-ಮಾನಸ್, 2022ರಲ್ಲಿ ಆರಂಭವಾದಂದಿನಿಂದ, ದೊಡ್ಡ ಅನುಕೂಲ.

ಇನ್ನು ತೊಡಕುಗಳು. ಜ್ವರ, ಕೆಮ್ಮು ಇರುವ ಮಗುವಿಗೆ ನ್ಯುಮೋನಿಯಾ ಆಗಿದೆಯೇ ಎಂದು ತಿಳಿಯಲು ಉಸಿರಾಟವನ್ನು ಒಂದು ಪೂರ್ತಿ ನಿಮಿಷ ಎಣಿಸಬೇಕು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಾದರೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದೊಳಗಿನದಾದರೆ 40, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಒಮ್ಮೆ ನಾನೇ ಪರದೆಯ ಮೇಲೆ ಎಣಿಸಿ 36 ಎಂದೆ. ಆ ತುದಿಯಲ್ಲಿ ಮಗುವಿನ ಅಂಗಿ ಎತ್ತಿ ಹಿಡಿದಿದ್ದ ಅಧಿಕಾರಿ, ‘ಸರ್, ನಾನು ಎಣಿಸಿದ್ದು 52’ ಎಂದರು. ನೆಟ್‌ವರ್ಕ್ ಸಾಲದೆ ಚಿತ್ರ ನಿಂತು ನಿಂತು ಬರುತ್ತಿತ್ತು. ನಿಂತ ಹೊತ್ತಿನ ಉಸಿರುಗಳು ನನಗೆ ಕಂಡಿರಲೇ ಇಲ್ಲ. ಅಂದಿನಿಂದ ಉಸಿರನ್ನು ಪರದೆಯಲ್ಲಿ ಎಣಿಸುವುದನ್ನು ಬಿಟ್ಟಿದ್ದೇನೆ, ಆ ಕಡೆಯವರ ಎಣಿಕೆಯನ್ನೇ ಬರೆದುಕೊಳ್ಳುತ್ತೇನೆ. ಹೊಟ್ಟೆನೋವಿನ ವಿಷಯದಲ್ಲಿ ನನ್ನದು ಇನ್ನೂ ಖಡಾಖಂಡಿತ ನಿಲುವು: ಕೈಯಿಟ್ಟು ನೋಡದ ಹೊಟ್ಟೆಗೆ ನೋವಿನ ಗುಳಿಗೆ ಬರೆದು ಮಲಗಿಸುವುದು ತಪ್ಪು, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು. ಎದೆ ಹಿಡಿದುಕೊಂಡು ‘ಗ್ಯಾಸ್ ಆಗೇದ’ ಎನ್ನುವ ನಡುವಯಸ್ಸಿನವರಿಗೂ ಇದೇ ಮಾತು, ಅವರಿಗೆ ಮೊದಲು ಇಸಿಜಿ ಆಗಲಿ.

ಮಾತಿನ ತೊಡಕು ಹೊರಗಿನವರಿಗೆ ಅಷ್ಟಾಗಿ ಹೊಳೆಯುವುದಿಲ್ಲ. ಕರೆ ಎತ್ತುವ ವೈದ್ಯರು ರಾಜ್ಯದ ಯಾವ ಮೂಲೆಯಲ್ಲಾದರೂ ಇರಬಹುದು. ‘ಆರಾಮಿಲ್ಲ’ ಎಂದರೆ ಬೇಸರವಲ್ಲ, ಕಾಯಿಲೆ. ‘ದಮ್ಮು’ ಎಂದರೆ ಉಸಿರಾಟದ ತೊಂದರೆ. ‘ಜೋಮು’ ಎಂದರೆ ಮರಗಟ್ಟುವಿಕೆ ಎಂಬುದು ಗೊತ್ತಿಲ್ಲದಿದ್ದರೆ ಚೀಟಿಯೇ ದಾರಿ ತಪ್ಪುತ್ತದೆ. ತಾಂಡಾಗಳಲ್ಲಿ ಲಂಬಾಣಿ, ಗಡಿಯ ಹಳ್ಳಿಗಳಲ್ಲಿ ತೆಲುಗು. ಇದಕ್ಕಿಂತ ಸೂಕ್ಷ್ಮವಾದದ್ದು ಫೋನ್ ಯಾರ ಕೈಯಲ್ಲಿದೆ ಎಂಬುದು. ಮನೆಯ ಸ್ಮಾರ್ಟ್‌ಫೋನ್ ಹೆಚ್ಚಾಗಿ ಮಗನದು. ಮಗ ಫೋನ್ ಹಿಡಿದು ನಿಂತಿರುವಾಗ ತಾಯಿ ಬಿಳಿಸೆರಗಿನ ಮಾತನ್ನು ಎತ್ತುವುದಿಲ್ಲ, ‘ಸೊಂಟ ಹರೀತದ್ರಿ’ ಎಂದು ಮುಗಿಸುತ್ತಾರೆ. ಅಂಥ ಸೊಂಟನೋವು ಬಂದಾಗ ‘ತಮ್ಮಾ, ಫೋನ್ ಅವ್ವನ ಕೈಯಾಗ ಕೊಟ್ಟು ಒಂಚೂರು ಹೊರಗ ಹೋಗು’ ಎನ್ನುವುದು ನನ್ನ ರೂಢಿ.

ಕಾನೂನಿನ ಚೌಕಟ್ಟು ಈಗ ಸಾಕಷ್ಟು ಸ್ಪಷ್ಟವಾಗಿದೆ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಓಆರ್‌ಎಸ್, ಪ್ಯಾರಾಸಿಟಮಾಲ್‌ನಂಥವನ್ನು ಫೋನಿನಲ್ಲೂ ಸೂಚಿಸಬಹುದು. ಕೆಲವು ಔಷಧಗಳನ್ನು ಮೊದಲ ಬಾರಿ ಬರೆಯಲು ವಿಡಿಯೊ ಬೇಕು. ಇನ್ನು ಕೆಲವನ್ನು ಮೊದಲೇ ಮುಖತಃ ನೋಡಿದ ರೋಗಿಗೆ, ಅದೇ ಕಾಯಿಲೆಗೆ ಮಾತ್ರ ಮುಂದುವರಿಸಬಹುದು. ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು. ರೋಗಿಯನ್ನು ಕಣ್ಣಾರೆ ನೋಡಬೇಕೆಂದು ಅನ್ನಿಸಿದರೆ ಯಾವ ಹಂತದಲ್ಲಾದರೂ ಕರೆ ನಿಲ್ಲಿಸಿ ಹಾಗೆ ಹೇಳುವ ಹಕ್ಕು ವೈದ್ಯರಿಗಿದೆ. ನಮ್ಮಲ್ಲಿ ಅನೇಕರು ಆ ಹಕ್ಕನ್ನು ಬಳಸಲು ಹಿಂಜರಿಯುತ್ತೇವೆ, ಪರದೆಯ ಆಚೆಗಿರುವವರು ಬರಿಗೈಯಲ್ಲಿ ಹೋದಂತಾಗುತ್ತದೆಂಬ ಮುಲಾಜು.

ಆ ಮಹಿಳೆಯ ಕಾಲಿನ ವಿಷಯ ಹೇಳದೇ ಉಳಿಯಿತು. ಸಿರಿಂಜಿನ ಗೊಂದಲ ಬಗೆಹರಿದ ಮೇಲೆ ಅವರಿಗೆ ಕಣ್ಣು ಮುಚ್ಚಲು ಹೇಳಿ, ಅವರ ಸೊಸೆಯಿಂದ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ಹಗುರವಾಗಿ ಮುಟ್ಟಿಸಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಆರರಲ್ಲಿ ಎರಡು ಬೆರಳಿನ ಸ್ಪರ್ಶ ತಿಳಿಯದಿದ್ದರೂ ಪಾದ ಅಪಾಯದಲ್ಲಿದೆ ಎಂದರ್ಥ. ಅವರಿಗೆ ನಾಲ್ಕು ತಿಳಿಯಲಿಲ್ಲ. ಅಂಗಾಲಿನ ಗಾಯವನ್ನು ಅಧಿಕಾರಿ ಕ್ಯಾಮೆರಾದ ಮುಂದೆ ಸಾಕಷ್ಟು ಹೊತ್ತು ಹಿಡಿದರು, ಬೆಳಕಿಗೆ ತಿರುಗಿಸಿದರು. ಅದು ಎಲುಬಿನವರೆಗೆ ಇಳಿದಿದೆಯೇ ಎಂಬುದನ್ನು ಸಲಾಕೆ ಹಾಕಿ ನೋಡಿಯೇ ತಿಳಿಯಬೇಕಿತ್ತು. ಮರುದಿನ ಬೆಳಿಗ್ಗೆ ಮಗನ ಜೊತೆ ಟಂಟಂ ಮಾಡಿಕೊಂಡು ರಾಯಚೂರಿಗೆ ಬರಲು ಹೇಳಿದೆ. ಸೀಸೆ, ಸಿರಿಂಜು, ಆ ಚೀಲ ಎಲ್ಲವನ್ನೂ ಜೊತೆಗೆ ತರಲು ಹೇಳಿದೆ.