ಪರದೆ ಮೇಲೆ ಬಂದ ಸಾಲನ್ನು ಮೊದಲು ಓದಿ

"ಸೈಟ್ ಓಪನ್ ಆಗ್ತಿಲ್ಲ ಸರ್." ಸಹಾಯವಾಣಿಗೆ ಬರುವ ಹೆಚ್ಚಿನ ಕರೆಗಳು ಶುರುವಾಗುವುದೇ ಹೀಗೆ. ಪರದೆ ಮೇಲೆ ಏನು ಬಂತು ಅಂತ ಕೇಳಿದರೆ, "ಏನೋ ಇಂಗ್ಲಿಷಿನಲ್ಲಿ ಬಂತು, ಕ್ಲೋಸ್ ಮಾಡಿಬಿಟ್ಟೆ" ಅನ್ನುತ್ತಾರೆ. ನಮಗೆ ಬೇಕಾದದ್ದು ಆ ಸಾಲೇ. ತೊಂದರೆ ನಿಮ್ಮ ಫೋನಿನದೋ, ನೆಟ್‌ವರ್ಕಿನದೋ, ಸೈಟ್ ನಡೆಸುವವರದೋ ಅನ್ನುವ ಸುಳಿವು ಅದರಲ್ಲೇ ಇರುತ್ತದೆ. ಸೈಟನ್ನೆಲ್ಲ ಕನ್ನಡದಲ್ಲಿ ಮಾಡಿ ಈ ಸಾಲನ್ನು ಮಾತ್ರ ಇಂಗ್ಲಿಷಿನಲ್ಲಿ ಬಿಡುವುದು ನಮ್ಮ ವೃತ್ತಿಯವರ ಲೋಪ. ಜನ ಗಾಬರಿಯಾಗುವುದು ಸಹಜ.

ಅದರಲ್ಲಿ ಸಂಖ್ಯೆ ಇದೆಯಾ ನೋಡಿ. 404 ಅಂದರೆ ಆ ವಿಳಾಸದಲ್ಲಿ ಪುಟ ಇಲ್ಲ. ವಾಟ್ಸಾಪ್‌ನಲ್ಲಿ ಬಂದ ಹಳೆಯ ಲಿಂಕ್ ಆಗಿರಬಹುದು, ಮುಖಪುಟಕ್ಕೆ ಹೋಗಿ ಅಲ್ಲಿಂದ ಹುಡುಕಿ. 500, 502, 503 ಬಂದರೆ ತೊಂದರೆ ಸರ್ವರ್, ಅಂದರೆ ಸೈಟನ್ನು ಇಟ್ಟಿರುವ ಕಂಪ್ಯೂಟರ್ ಕಡೆಯದು. ನೀವು ಫೋನ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಸರಿಹೋಗುವುದಿಲ್ಲ. ಅರ್ಜಿ ಹಾಕುವ ಕೊನೆಯ ದಿನ ಎಲ್ಲರೂ ಒಟ್ಟಿಗೆ ನುಗ್ಗಿದಾಗ 503 ಜಾಸ್ತಿ ಕಾಣುತ್ತದೆ. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಕಚೇರಿಯಲ್ಲಿ ವಿಚಾರಿಸುವಾಗ ತೋರಿಸಲು ಅದಾದರೂ ಇರಲಿ.

ಸಂಪರ್ಕ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ ಬಂದರೆ ಮೊದಲು ನಿಮ್ಮ ಸಾಧನದ ದಿನಾಂಕ ನೋಡಿ. ಸೈಟಿನ ವಿಳಾಸ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಹಳೆಯ ಡೆಸ್ಕ್‌ಟಾಪ್‌ನ ಒಳಗಿನ ಚಿಕ್ಕ ಬ್ಯಾಟರಿ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಸರಿಯಾದ ಪ್ರಮಾಣಪತ್ರವೂ ಬ್ರೌಸರ್‌ಗೆ ಸುಳ್ಳಾಗಿ ಕಾಣುತ್ತದೆ. ದಿನಾಂಕ ಸರಿಮಾಡಿದರೆ ಮುಗಿಯಿತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ಕಥೆ ಬೇರೆ. ಬಹಳಷ್ಟು ಸೈಟುಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಹೊಸ ಮೂಲ ಪ್ರಮಾಣಪತ್ರ ಅವುಗಳಲ್ಲಿ ಇಲ್ಲ, ಹಾಗಾಗಿ ಆ ಸೈಟುಗಳನ್ನು ಅವು ನಂಬುವುದಿಲ್ಲ. ಬೇರೆ ಫೋನಿನಲ್ಲಿ ತೆರೆದು ನೋಡಿ. ದಿನಾಂಕವೂ ಸರಿ ಇದ್ದು, ಫೋನೂ ಹೊಸದಿದ್ದು ಎಚ್ಚರಿಕೆ ಬರುತ್ತಲೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಬ್ಯಾಂಕ್ ಅಥವಾ ಹಣ ಕಟ್ಟುವ ಪುಟದಲ್ಲಂತೂ ಅದನ್ನು ದಾಟಿ ಮುಂದೆ ಹೋಗಲೇಬೇಡಿ.

ಬೇರೆಯವರಿಗೆ ತೆರೆಯುವ ಸೈಟ್ ನಿಮಗೆ ಮಾತ್ರ ತೆರೆಯುತ್ತಿಲ್ಲ ಅಂದರೆ ಬ್ರೌಸರ್‌ನ ಇನ್‌ಕಾಗ್ನಿಟೊ (ಖಾಸಗಿ) ವಿಂಡೋದಲ್ಲಿ ನೋಡಿ. ಅಲ್ಲಿ ಸರಿಯಾಗಿ ಬಂದರೆ ಬ್ರೌಸರ್ ಉಳಿಸಿಕೊಂಡಿರುವ ಹಳೆಯ ಕುಕಿಗಳೋ (ಸೈಟ್ ಇಟ್ಟುಹೋದ ಚಿಕ್ಕ ಮಾಹಿತಿ ತುಣುಕುಗಳು), ನೀವು ಬ್ರೌಸರ್‌ಗೆ ಹೆಚ್ಚುವರಿಯಾಗಿ ಹಾಕಿಕೊಂಡ ಎಕ್ಸ್‌ಟೆನ್ಶನ್ನೋ ಅಡ್ಡ ಬಂದಿರುತ್ತದೆ. ಎಲ್ಲ ಅಳಿಸಿಬಿಡಿ ಅಂತ ಸುಮ್ನೆ ಹೇಳುವವರ ಮಾತು ಕೇಳಬೇಡಿ, ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹೋದಾವು. ವಿಳಾಸದ ಎಡಗಡೆಯ ಗುರುತು ಒತ್ತಿ, ಆ ಒಂದು ಸೈಟಿನ ಡೇಟಾ ಮಾತ್ರ ಅಳಿಸಿದರೆ ಸಾಕು.

ಕನ್ನಡಿಗರಿಗೇ ಇರುವ ಇನ್ನೊಂದು ಕಾಟವಿದೆ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು, ವಿಳಾಸವನ್ನು ಕಾಪಿ ಮಾಡಿ ಅರ್ಜಿಯಲ್ಲಿ ಪೇಸ್ಟ್ ಮಾಡಿದರೆ, ತಲೆ ಮೇಲೆ ಗೆರೆ, ಚುಕ್ಕಿ ಇರುವ ರೋಮನ್ ಅಕ್ಷರಗಳು ಬರುತ್ತವೆ. ಆ ಫೈಲಿನಲ್ಲಿ ಇರುವುದು ರೋಮನ್ ಅಕ್ಷರಗಳ ಸಂಕೇತವೇ, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿತ್ತು ಅಷ್ಟೆ. ಅರ್ಜಿಗೆ ಬೇಕಾದದ್ದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆ. ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ಇಲ್ಲವೇ ಪರಿವರ್ತಕ ಬಳಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ಕಚೇರಿಯಿಂದ ನಿಮಗೆ ಸಿಗುವ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿ ಅಚ್ಚಾದರೆ ತಿದ್ದಿಸಲು ಮತ್ತೆ ಅಲೆಯಬೇಕು.

ಶುಲ್ಕ ಕಟ್ಟಾಗಿ ರಸೀದಿ ಬರದಿದ್ದರೆ ಕೂಡಲೇ ಎರಡನೇ ಸಲ ಕಟ್ಟಬೇಡಿ. ಸೈಟಿನಲ್ಲಿ ಪಾವತಿಯ ಸ್ಥಿತಿ ತೋರಿಸುವ ಪುಟ ಇದ್ದರೆ ಅಲ್ಲಿ ನೋಡಿ, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದಂತೆ, ಯುಪಿಐ ಅಥವಾ ಕಾರ್ಡ್ ಮೂಲಕ ಆನ್‌ಲೈನ್‌ನಲ್ಲಿ ಕಟ್ಟಿದ ಹಣ ಖಾತೆಯಿಂದ ಹೋಗಿ ಪಾವತಿ ಖಚಿತವಾಗದಿದ್ದರೆ, ವಹಿವಾಟಿನ ದಿನದ ನಂತರದ 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ನಿಮ್ಮ ಹಕ್ಕು, ಬ್ಯಾಂಕಿನಲ್ಲಿ ಧೈರ್ಯವಾಗಿ ಕೇಳಿ.

ಇಷ್ಟಾದರೂ ಆಗದಿದ್ದರೆ ಕರೆ ಮಾಡಿ. ಪುಟದ ವಿಳಾಸ, ಸಮಯ, ಯಾವ ಬ್ರೌಸರ್, ಪರದೆ ಮೇಲಿನ ಸಾಲು, ಈ ನಾಲ್ಕು ಹೇಳಿದರೆ ನಮ್ಮ ಕೆಲಸ ಬೇಗ ಆಗುತ್ತದೆ. ಸಹಾಯವಾಣಿಯ ನಂಬರನ್ನು ಆ ಸೈಟಿನೊಳಗಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೋಸಗಾರರ ನಂಬರುಗಳೂ ಸಿಗುತ್ತವೆ. ಸೈಟ್ ಸರಿಮಾಡಲು ನಿಮ್ಮ ಒಟಿಪಿ ಬೇಕಾಗುವುದೇ ಇಲ್ಲ. ಕೇಳಿದರೆ ಫೋನ್ ಇಟ್ಟುಬಿಡಿ.