ಇಜಿಆರ್ ವಾಲ್ವ್ ಬದಲಿಸುವ ಮೊದಲು: ಹಳೇ ಮಿನಿ ಲಾರಿಯ ಪಾಠ

ಡೀಸೆಲ್ ಗಾಡಿಯಲ್ಲಿ ಹೊರಗೆ ಹೋಗಬೇಕಾದ ಹೊಗೆಯಲ್ಲಿ ಸ್ವಲ್ಪವನ್ನು ಇಜಿಆರ್ ವಾಲ್ವ್ ಮತ್ತೆ ಎಂಜಿನ್ನಿಗೇ ಕಳಿಸುತ್ತದೆ. ಯಾಕೆ? ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ ಇದೆ. ಸಿಲಿಂಡರಿನೊಳಗೆ ಬಿಸಿ ತೀರಾ ಏರಿದರೆ ಅದು ಆಮ್ಲಜನಕದ ಜೊತೆ ಸೇರಿ ನಾಕ್ಸ್ ಎಂಬ ವಿಷಾನಿಲ ಆಗುತ್ತದೆ. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದು ಬೆರೆತಾಗ ಉರಿಯ ಬಿಸಿ ತಗ್ಗುತ್ತದೆ.

ಲೋಡ್ ಹೊತ್ತು ಘಾಟಿ ಹತ್ತುವಾಗ ಮಾತ್ರ ಎಂಜಿನ್ನಿಗೆ ಒಳ್ಳೆಯ ಗಾಳಿಯೇ ಬೇಕು. ಆಗ ವಾಲ್ವ್ ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ಸಿಕ್ಕಿಕೊಂಡರೆ ಎಳೆತ ಹೋಗುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ. ಆದರೆ ಏರ್ ಫಿಲ್ಟರ್ ಕಟ್ಟಿದರೂ, ಟರ್ಬೊ ಪೈಪ್ ಸೀಳಿದರೂ ಇದೇ ಲಕ್ಷಣ. ಅವನ್ನು ಮೊದಲು ನೋಡಿ.

ಹಳೇ ಗಾಡಿಗಳಲ್ಲಿ ಹೆಚ್ಚಾಗಿ ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಬಲದಿಂದ) ತೆರೆಯುವ ವಾಲ್ವ್ ಇರುತ್ತದೆ. ನಾನು ಕಲಿಯುವಾಗ ಒಂದು ಮಿನಿ ಲಾರಿಯ ವಾಲ್ವ್ ತೆರೆಯುತ್ತಿಲ್ಲ ಎಂದು ಹೊಸದು ಹಾಕಿದೆವು. ತೊಂದರೆ ಹಾಗೇ ಉಳಿಯಿತು. ಕೊನೆಗೆ ನೋಡಿದರೆ, ವ್ಯಾಕ್ಯೂಮ್ ಬಿಡುವ-ತಡೆಯುವ ಕರೆಂಟಿನ ಸ್ವಿಚ್ ಆದ ಸೊಲೆನಾಯ್ಡ್‌ನಿಂದ ಬರುವ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು! ಮಾಲೀಕರ ದುಡ್ಡು ಸುಮ್ನೆ ಹೋಯಿತಲ್ಲ ಎಂದು ತುಂಬಾ ಬೇಜಾರಾಯಿತು. ಆಮೇಲಿಂದ ನಾನು ಮೊದಲು ಪೈಪನ್ನೇ ಮುಟ್ಟಿ ನೋಡುತ್ತೇನೆ.

ನಂತರ ಕೈ ವ್ಯಾಕ್ಯೂಮ್ ಪಂಪ್. ಪೈಪ್ ಕಳಚಿ, ಪಂಪನ್ನು ವಾಲ್ವಿಗೆ ಹಾಕಿ ಅದರ ಮೀಟರಿನಲ್ಲಿ ಸುಮಾರು 15 ಇಂಚಿನವರೆಗೆ (ಪಾದರಸದ ಅಳತೆ) ಎಳೆಯಿರಿ. ವಾಲ್ವಿನ ಕಡ್ಡಿ ಮೇಲೇಳಬೇಕು, ಮೀಟರಿನ ಮುಳ್ಳು ಅಲ್ಲೇ ನಿಲ್ಲಬೇಕು. ಮುಳ್ಳು ಇಳಿಯುತ್ತಿದ್ದರೆ ಡಯಾಫ್ರಮ್ (ಕಡ್ಡಿಯನ್ನು ಎತ್ತುವ ರಬ್ಬರ್ ಪರದೆ) ಹರಿದಿದೆ, ಆ ವಾಲ್ವ್ ಬದಲಿಸಲೇಬೇಕು. ಮುಳ್ಳು ನಿಂತೂ ಕಡ್ಡಿ ಅಲುಗದಿದ್ದರೆ ಮಸಿಯೇ ಕಾರಣ. ಪಂಪ್ ಬಿಟ್ಟ ಕೂಡಲೇ ಕಡ್ಡಿ ಟಪ್ ಅಂತ ಕೂರಬೇಕು.

ಮಸಿ ಆದರೆ ತೊಳೆದರೆ ಸಾಕಾಗಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಮಸಿ ಕರಗಿಸುವ ಕಾರ್ಬ್ ಕ್ಲೀನರ್ ಹಾಕಿ ನೆನೆಯಲು ಬಿಡಿ. ಡಯಾಫ್ರಮ್ ಕಡೆಗೆ ಅದು ಹೋಗಬಾರದು, ರಬ್ಬರ್ ಕೆಡುತ್ತದೆ. ವಾಲ್ವ್ ಕೂರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಗೀರು ಬಿದ್ದರೆ ಮುಚ್ಚಿದಾಗಲೂ ಸೋರುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕಿ.

ಇನ್ನು ಹೊಗೆ ಎಂಜಿನ್ನಿಗೆ ಮರಳುವ ದಾರಿಯನ್ನೇ ಮುಚ್ಚಿಬಿಡುವ ತಗಡಿನ ವಿಷಯ. "ಮಧ್ಯೆ ಒಂದು ತಗಡು ಹಾಕ್ಬಿಡು ತಮ್ಮಾ" ಅನ್ನುವ ಮಾಲೀಕರು ಜಾಸ್ತಿ. ಕಪ್ಪು ಹೊಗೆ ನಿಲ್ಲುತ್ತದೆ, ಎಳೆತವೂ ಬರುತ್ತದೆ, ನಿಜ. ಆದರೆ ನಾಕ್ಸ್ ಏರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಡೀಸೆಲ್ ಗಾಡಿಯ ಪಿಯುಸಿ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ. ಹಾಗಾಗಿ ತಗಡು ಹಾಕಿದ ಗಾಡಿಯೂ ಪಾಸಾಗುತ್ತದೆ. ಆ ಗಾಳಿಯನ್ನು ಮೊದಲು ಕುಡಿಯುವವರು ಗ್ಯಾರೇಜಿನಲ್ಲಿರುವ ನಾವೇ ಅಲ್ವಾ? ಅದಕ್ಕೇ ನಾನು ತೊಳೆದ ವಾಲ್ವಿಗೆ ಅವರ ಮುಂದೆಯೇ ಪಂಪ್ ಹಾಕಿ, ಕಡ್ಡಿ ಏಳುವುದನ್ನೂ ಕೂರುವುದನ್ನೂ ತೋರಿಸುತ್ತೇನೆ. ನೋಡಿದ ಮೇಲೆ ತಗಡು ಕೇಳಿದವರು ಕಡಿಮೆ.