ಚಾಸಿ ಬಿರುಕಿಗೆ ದಪ್ಪ ಪ್ಲೇಟು ಮದ್ದಲ್ಲ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ದೇಲಂಪಾಡಿ ಕಡೆಯ ಗುಡ್ಡದ ದಾರಿಗಳಲ್ಲಿ ಕೆಂಪುಕಲ್ಲು, ಗೊಬ್ಬರ, ಅಡಿಕೆ ಹೊತ್ತು ಓಡಿದ ಹಳೇ ಫೋರ್‌ವೀಲ್ ಪಿಕಪ್‌ಗಳು ಮಳೆಗಾಲ ಮುಗಿದ ಮೇಲೆ ವರ್ಕ್‌ಶಾಪಿಗೆ ಬರುತ್ತವೆ. ಹೊಂಡಕ್ಕಿಳಿದರೆ ಹಿಂದೆ ‘ಕಟ್’ ಅನ್ನುವ ಸದ್ದು, ಡೋರ್ ಸರಿ ಕೂರುವುದಿಲ್ಲ. ಅಡಿಗೆ ಹೋಗಿ ನೋಡಿದರೆ ಚಾಸಿಯಲ್ಲಿ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟಿನಲ್ಲಿ, ಲೀಫ್ ಸ್ಪ್ರಿಂಗ್ ಬ್ರಾಕೆಟ್ಟಿನ ರಿವೆಟ್ ತೂತಿನಿಂದ ಹೊರಟ ಕೂದಲೆಳೆಯಂಥ ಗೆರೆ, ಅದರಿಂದ ಒಸರಿ ಇಳಿದ ತುಕ್ಕುನೀರಿನ ಕಲೆ. ಗಾಡಿಯವರು ಹೇಳುವುದು ಒಂದೇ: “ಅಣ್ಣಾ, ಒಂದು ದಪ್ಪ ಪ್ಲೇಟು ಇಟ್ಟು ವೆಲ್ಡ್ ಮಾಡಿಬಿಡಿ.”

ಅಲ್ಲಿಯೇ ನನ್ನ ತಕರಾರು. ಏಣಿಯಂಥ ಈ ಚಾಸಿ ಉಬ್ಬುತಗ್ಗಿನಲ್ಲಿ ಸ್ವಲ್ಪ ತಿರುಚಿಕೊಳ್ಳಲೇಬೇಕು. ಒಂದು ಕಡೆ ದಪ್ಪ ಪ್ಲೇಟು ಕೂತರೆ ಆ ಜಾಗ ಬಗ್ಗುವುದಿಲ್ಲ, ಅದರ ಪಾಲಿನ ಬಾಗುವಿಕೆಯೂ ಪ್ಲೇಟು ಮುಗಿಯುವ ಅಂಚಿಗೆ ಬೀಳುತ್ತದೆ. ಮುಂದಿನ ಬಿರುಕು ಅಲ್ಲೇ. ಹಾಗಾಗಿ ಪ್ಲೇಟು ಚಾಸಿಯಷ್ಟೇ ದಪ್ಪವಿದ್ದರೆ ಸಾಕು, ತುದಿ ಮಾತ್ರ ಚೂಪಾಗಿರಬೇಕು. ಚಾನಲ್‌ಗೆ, ಅಂದರೆ ಚಾಸಿಯ ಉದ್ದಕ್ಕಿರುವ ‘ಸಿ’ ಆಕಾರದ ಕಂಬಿಗೆ, ಅಡ್ಡಲಾಗಿ ನೆಟ್ಟಗೆ ವೆಲ್ಡ್ ಎಳೆಯಬಾರದು. ಬಾಗುವಾಗ ಹೆಚ್ಚು ಎಳೆತ ಬೀಳುವುದು ಚಾನಲ್ಲಿನ ಮೇಲಿನ, ಕೆಳಗಿನ ಮಡಿಕೆಗಳಿಗೆ. ನಡುಭಾಗಕ್ಕೆ ಬಹಳ ಕಡಿಮೆ. ಮಡಿಕೆಯ ಅಂಚಿನಲ್ಲಿ ತೂತು ಕೊರೆಯುವುದು, ಅಲ್ಲಿ ವೆಲ್ಡ್ ನಿಲ್ಲಿಸುವುದು ಎರಡೂ ಬೇಡ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಸರಿಸಿ, ವೆಲ್ಡಿಂಗ್ ಮೆಷೀನಿನ ಅರ್ಥ್ ಕ್ಲಾಂಪನ್ನು (ಕರೆಂಟು ವಾಪಸ್ ಹೋಗುವ ವೈರಿನ ಹಿಡಿಕ್ಲಿಪ್) ವೆಲ್ಡಿಂಗ್ ಜಾಗದ ಹತ್ತಿರವೇ ಹಾಕಬೇಕು. ಗಾಡಿಯ ಭಾರ ಇಳಿಸಿ, ಜ್ಯಾಕ್ ಕೊಟ್ಟು ಬಿರುಕಿನ ಬಾಯಿ ಮುಚ್ಚಿಸಿ, ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕಡೆಯಿಂದ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬರದಿದ್ದರೆ ಚಾಸಿ ಓರೆಯಾಗಿದೆ. ಹಾಗೆಯೇ ವೆಲ್ಡ್ ಮಾಡಿದರೆ ಆ ಓರೆ ಕಾಯಂ.

ಬಿರುಕಿನ ತುದಿ ಕಣ್ಣಿಗೆ ಕಾಣುವಲ್ಲಿ ಮುಗಿದಿರುವುದಿಲ್ಲ. ಪೇಂಟ್ ಪೂರ್ತಿ ಕೆರೆದು ಕೆಂಪು ಡೈ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಕೆಂಪು ಗೆರೆ ಎಲ್ಲಿವರೆಗೆ ಹೋಗಿದೆಯೋ ತೋರಿಸುತ್ತದೆ. ಆ ತುದಿಯನ್ನು ದಾಟಿ 6ರಿಂದ 8 ಮಿ.ಮೀ. ತೂತು ಕೊರೆಯಿರಿ. ಬಿರುಕು ಮುಂದೆ ಓಡದಂತೆ ತಡೆಯುವುದು ಅದೇ. ಆಮೇಲೆ ಬಿರುಕನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ, ಬುಡದಿಂದಲೇ ತುಂಬಿಸಿಕೊಂಡು ಬನ್ನಿ. ಮೇಲ್ಮೈಗೆ ಮಾತ್ರ ಲೋಹ ಹಚ್ಚಿದರೆ ಒಳಗೆ ಬಿರುಕು ಹಾಗೆಯೇ ಉಳಿಯುತ್ತದೆ.

ವೆಲ್ಡಿಂಗ್ ರಾಡ್ ವಿಷಯದಲ್ಲಿ ನಾನು ಹಠಮಾರಿ. ಗೇಟು, ಗ್ರಿಲ್ಲಿಗೆ ಬಳಸುವ 6013 ನಂಬರಿನ ರಾಡ್ ಇಲ್ಲಿ ಬೇಡ, 7018 ನಂಬರಿನದ್ದು ಬೇಕು. ನಮ್ಮ ಊರಿನ ತೇವದ ಗಾಳಿಯಲ್ಲಿ ಪ್ಯಾಕೆಟ್ ತೆರೆದಿಟ್ಟರೆ ಅದು ಬೇಗ ನೀರು ಎಳೆದುಕೊಳ್ಳುತ್ತದೆ. ಆ ತೇವದ ಹೈಡ್ರೋಜನ್ ಲೋಹದೊಳಗೆ ಸೇರಿದರೆ, ಕೆಲಸ ಮುಗಿಸಿದ ಮೇಲೂ ವೆಲ್ಡ್ ಪಕ್ಕ ಸೀಳು ಬಿಡಬಹುದು. 260 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಓವನ್ನಿನಲ್ಲಿ ಒಣಗಿಸಿದ ರಾಡ್ ಮಾತ್ರ ಬಳಸಿ. ಬೇಗ ಆರಲಿ ಅಂತ ನೀರು ಸುರಿಯುವುದನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ. ತಾನಾಗಿ ತಣಿಯಲು ಬಿಡಿ. ಬಳಿಕ ಸತುವಿನ ಪ್ರೈಮರ್, ಮೇಲೆ ಪೇಂಟ್.

ಸ್ಕ್ರೂಡ್ರೈವರ್ ಕುತ್ತಿದರೆ ಒಳಗೆ ಇಳಿಯುವಷ್ಟು ತುಕ್ಕು ಹಿಡಿದಿದ್ದರೆ ನಾನು ವೆಲ್ಡ್ ಮಾಡಿ ಕೊಡುವುದಿಲ್ಲ. ವೆಲ್ಡ್ ಹಿಡಿಯಲು ಅಲ್ಲಿ ಲೋಹವೇ ಇಲ್ಲ. ಚಾಸಿಯನ್ನೇ ಬದಲಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಆರ್‌ಸಿ ವಿವರಕ್ಕೂ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕೂ ತಾಳೆಯಾಗದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಚಾಸಿ ನಂಬರ್ ಕೊರೆದ ಜಾಗಕ್ಕಂತೂ ಗ್ರೈಂಡರ್ ತಾಗಿಸಲೇಬಾರದು.